ಏನೂ ಆಗಲ್ಲ ಬಿಡ್ರೀ

ಸಾಕಿದ ನಾಯಿಗೆ ದಿಢೀರನೆ ಏನಾದರೂ ಆದಾಗ ಡಾಕ್ಟರು ಸಿಗದಿರಬಹುದು, ಆಟೋ ಸಿಗದಿರಬಹುದು. ಒಂದಾನೊಂದು ಕಾಲದಲ್ಲಿ ನಾಯಿ ಸಾಕಿದ್ದ ಹಿರಿಯರೊಬ್ಬರು ಮಾತ್ರ ಸಿಕ್ಕೇ ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರು ಎದುರುಮನೆ ರಾಯರು. ಬ್ಯಾಂಕಿನಿಂದ ನಿವೃತ್ತರು. ಎಂಬತ್ತರ ದಶಕದಲ್ಲಿ ಟೈಗರ್ ಅನ್ನುವ ಅಲ್ಸೇಷಿಯನ್ ಸಾಕಿದ್ದರು. ಪಶುವೈದ್ಯದಲ್ಲಿ ಅವರ ಪದವಿ ಅಷ್ಟೇ. ಆ ಟೈಗರ್ ಸಾರನ್ನ, ಮೊಸರನ್ನ ಉಂಡುಕೊಂಡು, ಡಾಕ್ಟರ ಮುಖ ನೋಡದೆ ತುಂಬು ಬಾಳು ಬಾಳಿತಂತೆ.

ಹಾಗಾಗಿ ಬೀದಿಯ ಯಾವ ನಾಯಿಗೆ ಏನೇ ಆಗಲಿ, ರಾಯರ ಮೊದಲ ಮಾತು, "ಏನೂ ಆಗಲ್ಲ ಬಿಡ್ರೀ." ಉಣ್ಣಿಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ, ಗಾಯಕ್ಕೆ ಅರಿಶಿನ, ಭೇದಿಗೆ ಮಜ್ಜಿಗೆ. ಇವಕ್ಕೂ ಬಗ್ಗದ ಕಾಯಿಲೆಯಾದರೆ ಡಾಕ್ಟರಿಗಿಂತ ಎಷ್ಟೋ ವಾಸಿಯಾದ ಕಾಂಪೌಂಡರ್ ಒಬ್ಬನಿದ್ದಾನೆ. ಅವನ ನಂಬರು ಹಳೇ ಡೈರಿಯಲ್ಲಿದೆ, ಡೈರಿ ಮಗಳ ಮನೆಯಲ್ಲಿದೆ.

ಹೋದ ಶ್ರಾವಣದಲ್ಲಿ ನಮ್ಮನೆಯಲ್ಲಿ ಸತ್ಯನಾರಾಯಣ ಪೂಜೆ. ರವೆ, ಸಕ್ಕರೆ, ತುಪ್ಪ, ಹಾಲು ಎಲ್ಲ ಒಂದೂಕಾಲು ಅಳತೆ ಹಾಕಿ ಮಾಡಿದ ಸಜ್ಜಿಗೆಯ ಪಾತ್ರೆ ಕೆಳಗೇ ಇತ್ತು. ಮಂಗಳಾರತಿಗೆ ಎಲ್ಲರೂ ಕಣ್ಣು ಮುಚ್ಚಿದ್ದಾಗ ನಮ್ಮ ಗುಂಡ ಮಾತ್ರ ಕಣ್ಣು ಬಿಟ್ಟುಕೊಂಡಿದ್ದ. ನಾವು ನೋಡುವ ಹೊತ್ತಿಗೆ ಅರ್ಧ ಪಾತ್ರೆ ಖಾಲಿ, ಅವನ ಮೂತಿಯೆಲ್ಲ ತುಪ್ಪ. ಮಗಳು ಫೋನಿನಲ್ಲಿ ಏನೋ ಓದಿ ಕಿರುಚಿದಳು: "ಅಪ್ಪಾ, ಒಣದ್ರಾಕ್ಷಿ! ನಾಯಿಗೆ ಕಿಡ್ನಿ ಹೋಗುತ್ತಂತೆ!"

"ಏನೂ ಆಗಲ್ಲ ಬಿಡ್ರೀ," ಅಂದರು ರಾಯರು, ಎಲೆ ಮುಂದೆ ಕೂತಲ್ಲಿಂದಲೇ. "ಪ್ರಸಾದ ತಿಂದು ಯಾರಾದರೂ ಸತ್ತದ್ದುಂಟೇ? ನಮ್ಮ ಟೈಗರ್ ದ್ರಾಕ್ಷಿ ಗೊಂಚಲನ್ನೇ ತಿನ್ನುತ್ತಿತ್ತು. ಅಷ್ಟೊಂದು ಅನುಮಾನ ಇದ್ದರೆ ಒಂದು ಲೋಟ ಹುಣಸೆನೀರು ಕುಡಿಸಿ, ವಾಂತಿ ಮಾಡಿಬಿಡುತ್ತೆ."

ನಾನು ಪೂಜೆಯ ಪಂಚೆಯಲ್ಲೇ ಗುಂಡನನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಪಂಚೆ. ಯಾವುದನ್ನು ಬಿಟ್ಟರೂ ಮಾನ ಹೋಗುವ ಸ್ಥಿತಿ. ಬಂದ ಆಟೋಗಳೆಲ್ಲ ನಾಯಿಯ ಮುಖ ನೋಡಿ ಮುಂದಕ್ಕೆ ಹೋದವು. ಆಗ ಹಿಂದಿನಿಂದ ರಾಯರು ಬಂದು ನಡುರಸ್ತೆಯಲ್ಲಿ ನಿಂತು ಒಂದು ಆಟೋವನ್ನು ಅಡ್ಡಗಟ್ಟಿದರು. "ನಾಯಿ ಹತ್ತಿಸಲ್ಲ ಸಾರ್," ಅಂದ ಡ್ರೈವರು. "ನಾಯಿ ಅಲ್ಲಪ್ಪಾ, ಪೇಷೆಂಟು," ಅನ್ನುತ್ತಾ ರಾಯರು ತಾವೇ ಮೊದಲು ಹತ್ತಿ ಕೂತರು. ಕೈಯಲ್ಲಿ ಹುಣಸೆನೀರಿನ ಲೋಟ.

ಕ್ಲಿನಿಕ್ಕಿನಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತಿಂದು ಎಷ್ಟು ಹೊತ್ತಾಯಿತು, ಎಷ್ಟು ದ್ರಾಕ್ಷಿ, ನಾಯಿಯ ತೂಕ ಎಷ್ಟು ಎಂದು ಕೇಳಿದರು. ನನಗೆ ನಾಲಿಗೆ ಹೊರಳಲಿಲ್ಲ. ರಾಯರೇ ಉತ್ತರಿಸಿದರು: "ತೂಕ ಅರ್ಧ ಮೂಟೆ ಅಂದುಕೊಳ್ಳಿ." ಡಾಕ್ಟರಮ್ಮ ಗುಂಡನ ತುಟಿ ಎತ್ತಿ ಒಸಡಿನ ಬಣ್ಣ ನೋಡಿದರು. "ಗುಲಾಬಿಯಾಗಿದೆ, ಪರವಾಗಿಲ್ಲ. ಎರಡು ಗಂಟೆ ಒಳಗೆ ತಂದಿರಿ, ಒಳ್ಳೇದಾಯಿತು," ಎಂದು ವಾಂತಿಗೆ ಇಂಜೆಕ್ಷನ್ ಕೊಟ್ಟರು. ಇಷ್ಟೇ ತಿಂದರೆ ಅಪಾಯ, ಇಷ್ಟಾದರೆ ಇಲ್ಲ ಅಂತ ದ್ರಾಕ್ಷಿಯಲ್ಲಿ ಲೆಕ್ಕ ಇಲ್ಲವಂತೆ. ಒಂದು ನಾಯಿ ಗೊಂಚಲು ತಿಂದು ಅರಗಿಸಿಕೊಳ್ಳುತ್ತದೆ, ಇನ್ನೊಂದಕ್ಕೆ ಸ್ವಲ್ಪ ತಿಂದರೂ ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಕಾರಣ ಏನೆಂದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಅನುಮಾನ ಹೊರಿಸಿದರಂತೆ. "ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲ," ಅಂದರು ಡಾಕ್ಟರಮ್ಮ.

ರಾಯರು ಲೋಟವನ್ನು ನಿಧಾನವಾಗಿ ಬೆಂಚಿನ ಕೆಳಗೆ ಸರಿಸಿದರು.

ಗುಂಡ ವಾಂತಿ ಮಾಡಿದ. ಮುಂದಿನ ದೃಶ್ಯ ನಾನು ಸಾಯುವತನಕ ಮರೆಯುವ ಹಾಗಿಲ್ಲ. ರಾಯರು ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಟ್ರೇ ಮೇಲೆ ಬಗ್ಗಿ, ಕ್ಯಾಷಿಯರು ಹರಿದ ನೋಟು ಎಣಿಸುವ ಹಾಗೆ ಒಣದ್ರಾಕ್ಷಿ ಎಣಿಸತೊಡಗಿದರು. ನೆನೆದು ಉಬ್ಬಿದ್ದವು ಒಂದು ಕಡೆ, ಅರ್ಧ ಅಗಿದಿದ್ದವು ಇನ್ನೊಂದು ಕಡೆ. "ಅರ್ಧ ಎರಡು ಸೇರಿಸಿ ಒಂದು," ಎಂದು ಗೊಣಗಿಕೊಂಡು ನನ್ನ ಹೆಂಡತಿಗೆ ಫೋನ್ ಮಾಡಿದರು: "ಅಮ್ಮಾ, ಹಾಕಿದ್ದು ಎಷ್ಟು? ಇಲ್ಲಿ ಮೂವತ್ತೊಂದು ಜಮಾ ಆಗಿದೆ." ಒಣದ್ರಾಕ್ಷಿಯನ್ನು ಹಿಡಿಯ ಲೆಕ್ಕದಲ್ಲಿ ಹಾಕುವುದು, ಬಿಡಿ ಎಣಿಸುವುದಿಲ್ಲ ಎಂದು ಆಕೆ ಹೇಳಿದ್ದಕ್ಕೆ, "ಟ್ಯಾಲಿ ಆಗಲ್ವಲ್ಲಮ್ಮಾ," ಎಂದು ನಿಜಕ್ಕೂ ನೊಂದುಕೊಂಡರು.

ಇದ್ದಿಲ ಔಷಧ ಕುಡಿಸಿ, ಡ್ರಿಪ್ ಹಾಕಿದರು. ಮೂತ್ರಪಿಂಡ ಸರಿಯಿದೆಯೋ ಎಂದು ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಇವತ್ತು ಒಮ್ಮೆ, ಮತ್ತೆ ಎರಡು ಮೂರು ದಿನ. ನೀವು ಮನೆಗೆ ಹೋಗಿ, ಊಟವೂ ಆಗಿಲ್ಲ ಎಂದೆ ರಾಯರಿಗೆ. ಹೋಗಲಿಲ್ಲ. ಡ್ರಿಪ್ಪಿನ ಹನಿ ನೋಡುತ್ತಾ ಕೂತವರು ಸುಮಾರು ಹೊತ್ತಾದ ಮೇಲೆ, ನಾನು ಕೇಳದೆಯೇ, "ಟೈಗರ್‌ಗೆ ಹೊಟ್ಟೆ ಉಬ್ಬರಿಸಿತ್ತು," ಅಂದರು. "ಊಟ ಆದ ಮೇಲೆ. ವಾಂತಿ ಮಾಡೋಕೆ ಒದ್ದಾಡುತ್ತಿತ್ತು, ಏನೂ ಬರುತ್ತಿರಲಿಲ್ಲ. ಗ್ಯಾಸು ಅಂತ ಇಂಗಿನ ಮಜ್ಜಿಗೆ ಕುಡಿಸಿದೆ. ನಮ್ಮ ಯಜಮಾನಿತಿ ಡಾಕ್ಟರ ಹತ್ತಿರ ಹೋಗೋಣ ಅಂದಳು. ಏನೂ ಆಗಲ್ಲ ಬಿಡೇ ಅಂದೆ." ಬೆಳಗಿನ ಹೊತ್ತಿಗೆ ಮುಗಿದಿತ್ತಂತೆ.

ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಜಠರ ತಿರುಚಿಕೊಂಡರೆ ಹಾಗಾಗುತ್ತದೆ, ಕೆಲವೇ ಗಂಟೆಗಳೊಳಗೆ ಆಪರೇಷನ್ ಆಗಬೇಕು ಎಂದು ಡಾಕ್ಟರಮ್ಮ ಆಮೇಲೆ ನನಗೊಬ್ಬನಿಗೇ ಹೇಳಿದರು. ರಾಯರಿಗೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಅಷ್ಟು ಬೈದುಕೊಂಡಿದ್ದ ಮನುಷ್ಯನಿಗೆ ನಾನೇ ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದೆ. ಚಟ್ನಿ ನೀರಾಗಿದೆ ಎಂದು ತಕರಾರು ತೆಗೆದು ತಿಂದರು.

ಗುಂಡನ ಕ್ರಿಯಾಟಿನಿನ್ ಸರಿಯಾಗೇ ಬಂತು. "ನಾನು ಹೇಳಲಿಲ್ವಾ, ಏನೂ ಆಗಲ್ಲ ಅಂತ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. ಹುಣಸೆನೀರಿನ ಸಲಹೆ ಈಗ ನನ್ನ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಪಾರ್ಕಿನಲ್ಲಿ ಪಗ್ ಹಿಡಿದು ಬರುವ ಹುಡುಗರನ್ನೆಲ್ಲ ನಿಲ್ಲಿಸಿ, ಕೇಸರಿಭಾತ್ ಹಾಕಿದ್ದೀರಾ ಎಂದು ವಿಚಾರಣೆ ನಡೆಸುತ್ತಾರೆ. ಮೊನ್ನೆ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದೆ ಅಂತ ಬಾಯಿತಪ್ಪಿ ಅವರ ಮುಂದೆ ಅಂದೆ. ಕನ್ನಡಕ ಮೂಗಿನ ತುದಿಗೆ ಬಂತು.

"ಎಲ್ಲಿ, ತುಟಿ ಎತ್ತಿ. ಒಸಡು ನೋಡೋಣ."