ಕೂಡ್ರಿ ಸರ

ಹಳೇ ಮೈಸೂರಿನ ಕಡೆಯಿಂದ ವಿಜಯಪುರ ಜಿಲ್ಲೆಗೆ ನೇಮಕವಾಗಿ ಬರುವ ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಎರಡು ಬಗೆ. ಬೇಗ ವರ್ಗ ಮಾಡಿಸಿಕೊಂಡು ಹೊರಟುಬಿಡುತ್ತೇನೆ ಎಂದು ಬಂದ ದಿನವೇ ಹೇಳುವವರು ಮೊದಲನೆಯವರು. ಹೇಳದೆ ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಎರಡನೆಯವರು. ನೇಮಕಾತಿ ಜಿಲ್ಲಾವಾರು ನಡೆಯುವುದರಿಂದ, ಖಾಲಿ ಹುದ್ದೆ ಹೆಚ್ಚಿರುವ ಜಿಲ್ಲೆಗೆ ಅರ್ಜಿ ಹಾಕುವುದು ಜಾಣತನ. ಆ ಜಾಣತನಕ್ಕೆ ಮೊದಲ ಕಂತಾಗಿ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಇಡೀ ರಾತ್ರಿ ಕಟ್ಟಬೇಕಾಗುತ್ತದೆ. 2014ರ ನವೆಂಬರ್ 1ರಿಂದ ಊರಿನ ಹೆಸರು ವಿಜಯಪುರ. ಆದೇಶಪತ್ರದಲ್ಲಿಯೂ ಹಾಗೆಯೇ ಇರುತ್ತದೆ. ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ಕೂತ ಹಿರಿಯರಿಗೆ ಮಾತ್ರ ಅದು ಇನ್ನೂ ಬಿಜಾಪುರವೇ.

ಶಾಲೆ ತಿಕೋಟಾ ಅಥವಾ ಬಬಲೇಶ್ವರದ ಕಡೆ ಸಿಕ್ಕಿದ್ದರೂ ವಾಸಕ್ಕೆ ಪಟ್ಟಣವೇ ಇರಲಿ ಎಂಬ ಆಸೆ ಹೆಚ್ಚಿನವರದು. ಹೀಗಾಗಿ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಹುಡುಕಾಟ ಆರಂಭವಾಗುತ್ತದೆ. ಇಲ್ಲಿ ಕೋಣೆಯನ್ನು ಯಾರೂ ಕೋಣೆ ಎನ್ನುವುದಿಲ್ಲ; ಅದು ಖೋಲಿ. ಮನೆಯೊಡತಿ ಅಜ್ಜಿ ನಡೆಸುವ ಸಂದರ್ಶನದ ಮುಂದೆ ನೌಕರಿಯ ಪರೀಕ್ಷೆ ಏನೂ ಅಲ್ಲ. "ಯಾ ಊರು ತಮ್ಮಾ? ಲಗ್ನ ಆಗ್ಯದ? ಪಗಾರ ಎಷ್ಟು?" ಮೂರಕ್ಕೂ ಉತ್ತರ ಹೇಳಿದ ಮೇಲೆಯೇ ಬೀಗದ ಕೈ ಹೊರಬರುವುದು. ಎರಡನೆಯದಕ್ಕೆ ಇಲ್ಲ ಎಂದವರಿಗೆ ಚಹಾ ಜೊತೆಗೆ ಒಂದೆರಡು ಸಂಬಂಧಗಳ ವಿವರವೂ ಸಿಗುತ್ತದೆ.

ಮರುದಿನ ನಸುಕಿನಲ್ಲಿ ಪಕ್ಕದ ಮನೆಯಿಂದ ಟಪಟಪ ಬಡಿಯುವ ಸದ್ದು ಕೇಳಿ ಹೊಸ ಶಿಕ್ಷಕರು ಗಾಬರಿಯಿಂದ ಎದ್ದು ಕೂರುತ್ತಾರೆ. ಗಂಡ ಹೆಂಡಿರ ಜಗಳವೆಂದು ಬಗೆದು, ನಡುವೆ ಹೋಗುವುದೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಸದ್ದು ನಿಂತು ಬಿಳಿಜೋಳದ ರೊಟ್ಟಿ ಸುಡುವ ವಾಸನೆ ಬರುತ್ತದೆ. ಅನ್ನವೇ ಊಟವೆಂದು ಬೆಳೆದ ಹೊಟ್ಟೆ ಖಡಕ್ ರೊಟ್ಟಿಗೆ ಒಗ್ಗಲು ತಿಂಗಳು ಹಿಡಿಯುತ್ತದೆ. ಮೊದಲು ಅದನ್ನು ಹಪ್ಪಳವೆಂದು ತಿಳಿದು, ಊಟ ಬರುವುದು ಇನ್ನೂ ಬಾಕಿ ಇದೆ ಎಂದು ಕಾಯುವುದುಂಟು. ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಣ್ಣೆಗಾಯಿ ಸೇರಿದ ಮೇಲೆ ಕಾಯುವುದು ನಿಲ್ಲುತ್ತದೆ. ಕೆಂಪು ಖಾರದ ವಿಚಾರ ಬೇರೆ. ಅದರ ಪರಿಚಯವಾದ ದಿನ ಶಿಕ್ಷಕರು ಪಾಠ ಮಾಡುವುದಿಲ್ಲ. ನೀರು ಕುಡಿಯುತ್ತ ಮೌನ ಓದಿಗೆ ಹಚ್ಚುತ್ತಾರೆ.

ಭಾಷೆಯ ಸಮಸ್ಯೆ ಇರುವುದಿಲ್ಲ, ಎರಡೂ ಕಡೆ ಕನ್ನಡವೇ ಅಲ್ಲವೇ ಎಂಬ ನಂಬಿಕೆ ಗಣಿತದ ತರಗತಿಯವರೆಗೆ ಬಾಳುತ್ತದೆ. ಪೂರ್ವ ಆಫ್ರಿಕದ ಹಳ್ಳಿಗೆ ಕಲಿಸಲು ಹೋಗುವ ಸ್ವಯಂಸೇವಕರು ಸ್ವಾಹಿಲಿಯ ನಾಲ್ಕು ಮಾತನ್ನಾದರೂ ಕಲಿತೇ ವಿಮಾನ ಹತ್ತುತ್ತಾರೆ. ತುಮಕೂರಿನಿಂದ ತಿಕೋಟಾಕ್ಕೆ ಬರುವವರಿಗೆ ಅಂಥ ತರಬೇತಿ ಇಲ್ಲ. ಹಲಗೆಯ ಮೇಲೆ ಲೆಕ್ಕ ಬರೆದು ಶಿಕ್ಷಕರು ಗಟ್ಟಿಯಾಗಿ "ಏಳು" ಎನ್ನುತ್ತಾರೆ. ತರಗತಿ ಎದ್ದು ನಿಲ್ಲುತ್ತದೆ. "ಐದು ಕೂಡಿ" ಎನ್ನುತ್ತಾರೆ. ಈ ಸೀಮೆಯಲ್ಲಿ ಕೂಡುವುದೆಂದರೆ ಕುಳಿತುಕೊಳ್ಳುವುದು. ಐವರು ಕೂಡುತ್ತಾರೆ, ಉಳಿದವರು ತಮ್ಮ ಪಾಳಿ ಯಾವಾಗ ಎಂದು ನಿಂತೇ ಇರುತ್ತಾರೆ. ಲೆಕ್ಕದ ಉತ್ತರ ಹನ್ನೆರಡು ಎಂಬುದು ಆ ದಿನ ಯಾರಿಗೂ ಗೊತ್ತಾಗುವುದಿಲ್ಲ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಭಿನ್ನರಾಶಿಯ ಪಾಠದಲ್ಲಂತೂ ಮಕ್ಕಳೇ ಗುರುಗಳು. ಒಂದೂವರೆ ಎಂದರೆ ದೀಡ, ಎರಡೂವರೆ ಎಂದರೆ ಅಡೀಚ. ಸಂತೆಯಲ್ಲಿ ದೀಡ ನೂರು ಎಂದಾಗ ನೂರು ಕೊಟ್ಟು ಬಂದ ಶಿಕ್ಷಕರನ್ನು ಕಾಯಿಪಲ್ಲೆಯವಳು ಹಿಂದೆಯೇ ಬಂದು ಹಿಡಿದು ಕಲಿಸುತ್ತಾಳೆ.

ಹಿಂಗಾರಿನ ಮಳೆ ಬಿದ್ದಾಗ ಎರೆಮಣ್ಣು ಬೂಟಿಗೆ ಅಂಟಿಕೊಳ್ಳುತ್ತದೆ. ಬಸ್ಸಿಳಿದು ಶಾಲೆ ಮುಟ್ಟುವ ಹೊತ್ತಿಗೆ ಒಂದೊಂದು ಕಾಲೂ ಒಂದೊಂದು ಹೊಲದ ತುಂಡನ್ನು ಹೊತ್ತಿರುತ್ತದೆ. ಮಕ್ಕಳು ಬರಿಗಾಲಲ್ಲಿ ನಗುತ್ತ ಮುಂದೆ ಹೋಗುತ್ತಾರೆ.

ಶಾಲೆಯ ಪ್ರವಾಸ ಎಂದಮೇಲೆ ಗೋಲಗುಂಬಜ್ ತಪ್ಪದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಈ ಗೋರಿಯ ಗುಮ್ಮಟದೊಳಗೆ ಒಂದು ಕೂಗು ಹಲವು ಸಲ ಮರಳಿ ಬರುತ್ತದೆ. ನಲವತ್ತು ಮಕ್ಕಳ ಕೂಗು ಎಷ್ಟಾಗಿ ಬರುತ್ತದೆಂಬುದನ್ನು ಗುಣಾಕಾರದಿಂದ ತಿಳಿಯಬಹುದು. "ಸುಮ್ಮನಿರಿ" ಎಂದು ಶಿಕ್ಷಕರು ಕೂಗಿದರೆ ಗುಮ್ಮಟ ಅದೇ ಮಾತನ್ನು ಅವರಿಗೇ ಮತ್ತೆ ಮತ್ತೆ ಹೇಳುತ್ತದೆ. ಆ ಸುಲ್ತಾನನ ದರ್ಬಾರಿನಲ್ಲಿ ಪ್ರಬಲನಾಗಿದ್ದ ಮಂತ್ರಿ ಇಖ್ಲಾಸ್ ಖಾನ್ ಮೂಲತಃ ಅಬಿಸೀನಿಯದವನು. ಆಫ್ರಿಕದಿಂದ ಬಂದು ಇಲ್ಲಿ ಮಂತ್ರಿಯಾದವರಿದ್ದಾರೆ ಎಂದು ತಿಳಿದಾಗ, ಖೋಲಿಯ ನಲ್ಲಿಗೆ ನೀರು ಬರುತ್ತಿಲ್ಲವೆಂದು ಊರಿಗೆ ಫೋನು ಮಾಡಿ ಅಳುತ್ತಿದ್ದವರಿಗೆ ಕೊಂಚ ನಾಚಿಕೆಯಾಗುತ್ತದೆ. ಅಷ್ಟು ದೂರದ ಮಾತೇಕೆ, ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲಿಗೆಂದು ಈ ಊರಿಗೆ ಬಂದು, 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿ, ವಚನಗಳ ತಾಡೋಲೆ ಹುಡುಕುತ್ತ ಇಲ್ಲಿಯೇ ಉಳಿದುಬಿಟ್ಟರು. ಅವರು ವರ್ಗಕ್ಕೆ ಅರ್ಜಿ ಹಾಕುವ ನೌಕರಿಯಲ್ಲಿ ಇರಲಿಲ್ಲವೆಂಬುದೂ ನಿಜ.

ಎಳ್ಳ ಅಮಾವಾಸ್ಯೆಯ ದಿನ ಊರೇ ಹೊಲದಲ್ಲಿ ಇರುತ್ತದೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿದ ಮೇಲೆ ಬದುವಿನ ಮೇಲೆ ಕೂಡಿಸಿ ಸಜ್ಜೆ ರೊಟ್ಟಿ, ಕಡುಬು ಬಡಿಸುತ್ತಾರೆ. ಐದು ಮನೆಯವರು ಕರೆದರೆ ಐದು ಹೊಲದಲ್ಲೂ ಉಣ್ಣಬೇಕು. ಒಲ್ಲೆ ಎಂದರೆ ಮರುದಿನ ಆ ಮನೆಯ ಮಗು ಮುಖ ಊದಿಸಿಕೊಂಡು ಬರುತ್ತದೆ. ಮುಂದೆ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ. ಆ ವಾರದ ಹಾಜರಿ ಪುಸ್ತಕವನ್ನು ನೋಡದಿರುವುದೇ ಮೇಲು.

ಜಾತ್ರೆ ಮುಗಿದರೆ ದ್ರಾಕ್ಷಿಯ ಕಾಲ. ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ಕಿತ್ತ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಎರಡು ವಾರ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಜೂನ್ ತಿಂಗಳಲ್ಲಿ ಬಂದ ಶಿಕ್ಷಕರು ಮಾರ್ಚಿನ ಬಿಸಿಲಿಗೆ ಹೆಚ್ಚುಕಡಿಮೆ ಇದೇ ಪ್ರಮಾಣ ಮುಟ್ಟಿರುತ್ತಾರೆ. ಸಿಹಿಯೂ ಅಷ್ಟೇ ಏರಿರುತ್ತದೆ. ಯಾರಾದರೂ ಬಂದರೆ ತಾವೇ "ಚಾ ಕುಡೀರಿ" ಎನ್ನುತ್ತಾರೆ, ವರ್ಗವನ್ನು ಬದ್ಲಿ ಎನ್ನುತ್ತಾರೆ, ಆದರೂ ಅರ್ಜಿಯನ್ನು ಮಾತ್ರ ಹಾಕಿಯೇ ಹಾಕುತ್ತಾರೆ.

ಕೆಲವು ವರ್ಷಗಳ ಮೇಲೆ ಬದ್ಲಿ ಆಗುತ್ತದೆ. ಬೀಳ್ಕೊಡುವಾಗ ಅಜ್ಜಿ ಕಟ್ಟಿಕೊಟ್ಟ ಖಡಕ್ ರೊಟ್ಟಿ ತುಮಕೂರಿನಲ್ಲಿ ಒಂದು ತಿಂಗಳು ಬಾಳುತ್ತದೆ. ಹೊಸ ಶಾಲೆಯ ಮೊದಲ ದಿನ ಮಕ್ಕಳೆಲ್ಲ ಎದ್ದು ನಮಸ್ಕಾರ ಹೇಳುತ್ತಾರೆ. "ಕೂಡ್ರಿ" ಎನ್ನುತ್ತಾರೆ ಶಿಕ್ಷಕರು. ಯಾರೂ ಕೂರುವುದಿಲ್ಲ. ಮುಂದಿನ ಸಾಲಿನ ಹುಡುಗಿ ಪೆನ್ಸಿಲ್ಲು ತೆಗೆದುಕೊಂಡು ಕೇಳುತ್ತಾಳೆ: "ಎಷ್ಟಕ್ಕೆ ಎಷ್ಟು, ಸಾರ್?"