ನೌಕರಿ ಬಿಟ್ಟವನಿಂದ ಬಸವನ ಬಾಗೇವಾಡಿಯ ಹಿರಿಯರಿಗೆ



ನಾನು ಮಾಸ್ತರಿಕೆಗೆ ರಾಜೀನಾಮೆ ಕೊಟ್ಟ ಸುದ್ದಿ ನಿಮಗೆಲ್ಲ ಮುಟ್ಟಿದೆ. ಚಹಾದಂಗಡಿಯಲ್ಲಿ, ಲಗ್ನದ ಮನೆಯಲ್ಲಿ, ಸಿಕ್ಕಲ್ಲೆಲ್ಲ ಕೇಳುತ್ತೀರಿ: 'ನೌಕರಿ ಬಿಟ್ಟಿಯಂತಲ್ಲೋ ತಮ್ಮಾ, ಬರಕೋತ ಕುಂತ್ರ ಹೊಟ್ಟಿ ತುಂಬತೈತೇನು?' ನಿಮ್ಮ ಕಾಳಜಿಗೆ ನನ್ನ ತಕರಾರಿಲ್ಲ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ ಮಾತ್ರ ಉತ್ತರ ಕೊಡಬೇಕಾಗಿದೆ: 'ನಮ್ಮ ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೋತನ ವಚನ ಬರದ್ರು. ನಿನಗೇನ್ ಧಾಡಿ?'

ಮಾತು ನಿಜ. ಬಸವಣ್ಣ ಭಂಡಾರಿ, ದಾಸಿಮಯ್ಯ ನೇಕಾರ, ಚೌಡಯ್ಯ ಅಂಬಿಗ. ನಮ್ಮ ಇಂಡಿ ಕಡೆಯ ಹಲಸಂಗಿ ಗೆಳೆಯರಲ್ಲಿ ಸಿಂಪಿ ಲಿಂಗಣ್ಣನವರೂ ಮಕ್ಕಳಿಗೆ ಪಾಠ ಹೇಳುತ್ತಲೇ ಜನಪದ ಹಾಡು ಕೂಡಿಸಿದರು. ಆದರೆ ಬಸವಣ್ಣನವರ ವಚನ ನಿಮ್ಮ ಕೈಗೆ ಪುಸ್ತಕವಾಗಿ ಬಂದದ್ದು ಹೇಗೆ? ಅದಕ್ಕಾಗಿ ಒಬ್ಬರು ಕೈತುಂಬ ಗಳಿಸುವ ವೃತ್ತಿಯನ್ನು ಬದಿಗಿಡಬೇಕಾಯಿತು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ, ಮಠ ಅಲೆದು ತಾಡವೋಲೆ ಕೂಡಿಸಿದರು. ಓಲೆಯಲ್ಲಿ ಪದ ಪದಕ್ಕೆ ಬಿಡುವಿರುವುದಿಲ್ಲ. ಒಂದೇ ವಚನಕ್ಕೆ ಎರಡು ಕಟ್ಟಿನಲ್ಲಿ ಎರಡು ಪಾಠ. ಅದನ್ನು ಬಿಡಿಸಿ, ಹೋಲಿಸಿ, ನಕಲು ತೆಗೆದು, ಅಚ್ಚಿನ ಕರಡು ತಿದ್ದುವುದು ಕೋರ್ಟಿನಿಂದ ದಣಿದು ಬಂದ ರಾತ್ರಿ ಆಗುವ ಕೆಲಸವಲ್ಲ. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ವಕೀಲಿ ಹಿಂದೆ ಬಿತ್ತು. 1925ರಲ್ಲಿ ಇದ್ದ ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಊರಿಗೆ ಸಿದ್ಧೇಶ್ವರ ಬ್ಯಾಂಕು ಕಟ್ಟಿಕೊಟ್ಟ ಮನುಷ್ಯ ತಾವು ತೇಪೆ ಹಾಕಿದ ಕೋಟಿನಲ್ಲಿ ದಿನ ತೆಗೆದರು. ಈಗ ಅವರು ಹುಟ್ಟಿದ ಜುಲೈ 2ನ್ನು ಸರ್ಕಾರ ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಅವರು ಮನೆ ಮಾರಿದ ದಿನ ಊರು ಏನು ಮಾಡುತ್ತಿತ್ತು ಎಂಬುದು ನನ್ನನ್ನು ಬಿಡದೆ ಕಾಡುವ ಪ್ರಶ್ನೆ.

ಅವರ ಸಾಲಿನಲ್ಲಿ ನಿಲ್ಲುವವನಲ್ಲ ನಾನು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ನೆನಪು ಬರೆದಿಡುವುದು ನಾನು ಹಿಡಿದ ಕೆಲಸ. ಪುನರ್ವಸತಿ ಕೇಂದ್ರದ ಒಬ್ಬ ಅಜ್ಜಿ ಅಂಗಳದ ಮಣ್ಣಲ್ಲಿ ಬೆರಳಾಡಿಸಿ ಮುಳುಗಿದ ಮನೆಯ ನಕ್ಷೆ ತೆಗೆದಳು: ಇಲ್ಲಿ ಪಡಸಾಲಿ, ಇದು ದನದ ಗ್ವಾದಲಿ, ಇದು ಜೋಳದ ಹಗೇವು. ಹಗೇವಿನ ಬಾಯಿ ಬಾಗಿಲಿಗೆ ಎಡಕ್ಕೋ ಬಲಕ್ಕೋ ಎಂದು ನೆನಪಾಗದೆ ಅಳಿಸಿದಳು, ಮತ್ತೆ ತೆಗೆದಳು. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಇಂಥವರನ್ನು ರವಿವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಮುಗಿಸಲಾಗದು. ನನಗೆ ಅರವತ್ತು ತುಂಬಿ ಪಿಂಚಣಿ ಬರುವ ಹೊತ್ತಿಗೆ ಅವರು ಇರುವುದೂ ಇಲ್ಲ. ನೌಕರಿ ಬಿಟ್ಟದ್ದು ಇಷ್ಟಕ್ಕೇ. ಹೀಗೆ ಕಾಯಲಾಗದ ಕೆಲಸ ಕೈಯಲ್ಲಿಲ್ಲದೆ ಬರೀ ಲೇಖಕ ಅನ್ನಿಸಿಕೊಳ್ಳಲು ನೌಕರಿ ಬಿಡು ಎಂದು ಯಾವ ಹುಡುಗನಿಗೂ ಹೇಳಲಾರೆ.

ಹೊಟ್ಟೆಯ ಪ್ರಶ್ನೆ ಕೇಳಿದಿರಲ್ಲ, ಅದರ ಉತ್ತರದಲ್ಲಿ ನಿಮ್ಮ ಪಾಲೂ ಇದೆ. ನಮ್ಮಲ್ಲಿ ಕಾರ್ಯಕ್ರಮವಾದರೆ ಪೆಂಡಾಲಿನವರಿಗೆ ದುಡ್ಡು, ಮೈಕಿನವರಿಗೆ ದುಡ್ಡು, ಅಡುಗೆಯವರಿಗೆ ದುಡ್ಡು. ಕೊಡಲೇಬೇಕು, ಅದು ಅವರ ಕಾಯಕ. ವಾರಗಟ್ಟಲೆ ಓದಿ ತಯಾರಾಗಿ ಬಂದ ಉಪನ್ಯಾಸಕನಿಗೆ ಮಾತ್ರ ಶಾಲು, ಹಾರ, ನೆನಪಿನ ಕಾಣಿಕೆ. ಅವನು ಆ ಗಾಜಿನ ಪೆಟ್ಟಿಗೆ ಬಗಲಲ್ಲಿ ಹಿಡಿದು, ತನ್ನ ಕಿಸೆಯಿಂದಲೇ ಟಿಕೆಟ್ ತೆಗೆಸಿ ಮುದ್ದೇಬಿಹಾಳದ ಬಸ್ಸು ಹತ್ತುತ್ತಾನೆ. ಕಾಯಕದ ಬಗ್ಗೆ ತಾಸುಗಟ್ಟಲೆ ಮಾತಾಡುವ ವೇದಿಕೆ ಬರಹವನ್ನು ಕಾಯಕವೆಂದು ಎಣಿಸದಿರುವುದು ಅನ್ಯಾಯ.

ಬರುವ ಬಸವ ಜಯಂತಿಗೆ ಯಾರನ್ನೇ ಕರೆಯಿರಿ, ಬಸ್ಸಿನ ಖರ್ಚು, ಗೌರವಧನ ಮೊದಲೇ ಮಾತಾಡಿ. ಶಾಲು, ಹಾರದ ದುಡ್ಡಿಗೆ ಅವರ ಪುಸ್ತಕ ಕೊಂಡು ತಾಲ್ಲೂಕಿನ ಶಾಲೆಗಳಿಗೆ ಕೊಡಿ. ನನ್ನಿಂದಲೇ ಶುರುವಾಗಬೇಕೆಂದಿಲ್ಲ, ಮನಗೂಳಿ, ಕೊಲ್ಹಾರ, ಹೂವಿನಹಿಪ್ಪರಗಿಗಳಲ್ಲಿ ಬರೆಯುತ್ತಿರುವ ಹುಡುಗ ಹುಡುಗಿಯರನ್ನು ಮೊದಲು ಕರೆಯಿರಿ.

ಇಂತಿ ನಿಮ್ಮ ಊರಿನ ಮಾಜಿ ಮಾಸ್ತರ