ಸ್ಟೇಷನರಿಯ ಬಾಲ

ಸಂತೆಕಲ್ಲೂರಿನ ಅಂಗಡಿಗೆ ಕನ್ನಡದಲ್ಲಿ ‘ಸ್ಟೇಷನರಿ’ ಎಂದು ಬೋರ್ಡು ಬರೆಸಿದರೆ ತಕರಾರಿಲ್ಲ. ಇಂಗ್ಲಿಷಿನಲ್ಲಿ ಬರೆಸಿದಿರೋ, ಬಾಲದಲ್ಲಿ ‘ಇ’ ಇದ್ದರೆ ಪೆನ್ನು-ನೋಟುಬುಕ್ಕು, ‘ಎ’ ಇದ್ದರೆ ನಿಂತಲ್ಲೇ ನಿಂತದ್ದು! ಪ್ರಿನ್ಸಿಪಾಲರದೂ ಇದೇ ಪಾಡು: ಕಾಗುಣಿತ ತಪ್ಪಿದರೆ ಅವರು ಬರೀ ತತ್ವವಾಗುತ್ತಾರೆ. ಕಿವಿಗೆ ಒಂದಾದದ್ದನ್ನು ಕಣ್ಣಿಗೆ ಎರಡು ಮಾಡಿದ ಭಾಷೆಯದೇ ತಪ್ಪು, ಮಕ್ಕಳದಲ್ಲ. ‘ನಮ್ಮಲ್ಲೂ ಹಳ್ಳಿ, ಹಲ್ಲಿ ಇಲ್ಲವೇ?’ ಎನ್ನಬಹುದು. ಇವೆ, ಆದರೆ ಆ ವ್ಯತ್ಯಾಸ ಬಾಯಲ್ಲೇ ಕೇಳುತ್ತದೆ. ‘ಹಾಗಾದರೆ ಸ್ಪೆಲ್ಲಿಂಗ್ ಬೇಡವೇ?’ ಬೇಕು, ಪರೀಕ್ಷೆಗೆ. ಆದರೆ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ, ಪ್ರಾಕೃತದ ನುಡಿಯಂತೆ, ‘ಅಸೋಕ’ನೇ ಆಗಿದ್ದಾನೆ; ಸಾಮ್ರಾಟನ ಮಾನಕ್ಕೇನೂ ಕುಂದಾಗಲಿಲ್ಲ. ಆದ್ದರಿಂದ ಮಾಸ್ತರರೇ, ಕಳೆಯಲೇಬೇಕೆಂದರೆ ಅರ್ಧ ಅಂಕವಷ್ಟೇ ಕಳೆಯಿರಿ.